ಅತ್ತಿಯ ಬೈಗುಳ, ಮಾಮಾನ ಅಚ್ಚು

ಹೆಂಡತಿ ಬೈದದ್ದನ್ನು ಗಂಡಸರು ಮರೆಯುತ್ತಾರೆ. ಮರೆಯಲಾಗದವರು ಮರೆತಂತೆ ನಟಿಸುತ್ತಾರೆ. ಎರಡೂ ಆಗದವರು ಎದ್ದು ಗುಡಿಯ ಕಟ್ಟೆಗೆ ಹೋಗಿ ಕೂರುತ್ತಾರೆ. ಆದರೆ ಹೆಂಡತಿ ಬೈದದ್ದನ್ನು ಒಂದೊಂದೇ ಅಕ್ಷರ ಹೆಕ್ಕಿ, ಜೋಡಿಸಿ, ಮಸಿ ಬಳಿದು, ಪುಸ್ತಕ ಮಾಡಿ ಅಚ್ಚು ಹಾಕಿದ ಗಂಡಸನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ? ಕಂಡಿರಲಾರಿರಿ. ಇಡೀ ಭೂಮಂಡಲದಲ್ಲಿ ಅಂಥವನು ಒಬ್ಬನೇ ಇದ್ದಾನೆ. ಅವನು ಬನಹಟ್ಟಿಯಲ್ಲಿದ್ದಾನೆ. ನನ್ನ ದುರ್ದೈವಕ್ಕೆ ನನ್ನ ಸೋದರಮಾವನೂ ಆಗಿದ್ದಾನೆ!

ಮಾಮಾನದು ಮನೆಯ ಪಡಸಾಲೆಯಲ್ಲೇ ಇರುವ, ಕಾಲಿನಿಂದ ತುಳಿಯುವ ಹಳೆಯ ಟ್ರೆಡಲ್ ಪ್ರೆಸ್ಸು. ಒಂದು ಕಾಲಕ್ಕೆ ನಮ್ಮ ಕಡೆಯ ಲಗ್ನಪತ್ರಿಕೆಗಳೆಲ್ಲ ಅಲ್ಲೇ ಹುಟ್ಟುತ್ತಿದ್ದವು. ಆಮೇಲೆ ಕಂಪ್ಯೂಟರ್ ಬಂತು, ಲಗ್ನಪತ್ರಿಕೆಗಳು ಮೊಬೈಲಿಗೆ ಹಾರಿದವು. ಬೇರೆ ಯಾರೇ ಆಗಿದ್ದರೂ ಮಷಿನ್ನನ್ನು ಗುಜರಿಗೆ ಹಾಕಿ ಜೆರಾಕ್ಸ್ ಅಂಗಡಿ ತೆರೆಯುತ್ತಿದ್ದರು. ಮಾಮಾ ಏನು ಮಾಡಿದ? ಕೈಯಾರೆ ಪುಸ್ತಕ ಮಾಡತೊಡಗಿದ! ಮಗ್ಗಗಳ ನೂಲಿನ ಕಸ ತಂದು ಕುದಿಸಿ, ಕುಟ್ಟಿ, ಒಣಗಿಸಿ ಕಾಗದ. ಸೀಸದ ಅಚ್ಚುಮೊಳೆಗಳಿಂದ ಅಕ್ಷರ. ಒಂದು ಪುಸ್ತಕಕ್ಕೆ ಎಂಟೇ ಪ್ರತಿ. ಎಂಟನೆಯದು ಹೊರಬಿದ್ದ ಕೂಡಲೇ ಮೊಳೆಗಳನ್ನೆಲ್ಲ ಬಿಚ್ಚಿ ಅವವುಗಳ ಖಾನೆಗೆ ಸುರಿದುಬಿಡುತ್ತಾನೆ. ಯಾರಾದರೂ ಬಂದು ಇನ್ನೊಂದು ಪ್ರತಿ ಕೇಳಿದರೆ ಮುಖ ಸಣ್ಣದು ಮಾಡಿ, "ಆ ಪುಸ್ತಕಾ ತೀರಿಕೊಂಡೈತ್ರಿ" ಎನ್ನುತ್ತಾನೆ.

ಒಮ್ಮೆ ಮುಧೋಳ ನಾಯಿಯ ಮೇಲೊಂದು ಪುಸ್ತಕ ಮಾಡಿದ. ನಾಯಿಯ ಹಾಗೆಯೇ ಉದ್ದ, ನಾಯಿಯ ಹಾಗೆಯೇ ಸಣಕಲು. ಗೇಣೆತ್ತರ, ಮಾರುದ್ದ! ಬೆಂಗಳೂರಿನಿಂದ ಬಂದಿದ್ದ ಒಬ್ಬರು ಅದನ್ನು ಕೊಂಡು, ಎರಡೂ ತೋಳಿನ ಮೇಲೆ ಮಲಗಿಸಿಕೊಂಡು ಕಂಗಾಲಾದರು.

"ಇದನ್ನ ಮನೇಲಿ ಎಲ್ಲಿಡೋದು ಸಾರ್? ಯಾವ ಕಪಾಟಿಗೂ ಹಿಡಿಸಲ್ಲ!"

"ಕಪಾಟದಾಗ ಯಾರ ಇಡ್ತಾರ್ರಿ? ಬಾಗಲದಾಗ ಕಟ್ಟಿಹಾಕ್ರಿ."

ಇಂಥವನಿಗೆ ತಕ್ಕ ಹೆಂಡತಿ ನಮ್ಮ ಅತ್ತಿ. ನೇಕಾರರ ಮಗಳು. ಮಗ್ಗಗಳ ನಡುವೆ ಹುಟ್ಟಿ, ಮಗ್ಗಗಳ ಸದ್ದನ್ನು ಮೀರಿ ಕೂಗಿಯೇ ಹಾಲು ಕೇಳಿ ಕುಡಿದವಳು. ಪವರ್‌ಲೂಮಿನ ಖಟಖಟವನ್ನು ಸೀಳಿ ಅವಳ ದನಿ ಓಣಿ ದಾಟುತ್ತಿತ್ತು. ಆದರೆ ಎಷ್ಟೇ ಸಿಟ್ಟು ಬರಲಿ, ಗಂಡನಿಗೆ ಮರ್ಯಾದೆ ತಪ್ಪಿಸಿದವಳಲ್ಲ: "ನಿಮ್ಮ ಮಾರಿಗಿಷ್ಟ ಮಣ್ಣ ಹಾಕ್ರಿ!"

ಹೋದ ವರ್ಷ ಅತ್ತಿಯ ಗಂಟಲಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಬಾಗಲಕೋಟೆಯ ಡಾಕ್ಟರರು ನೋಡಿ, ಜೀವಕ್ಕೇನೂ ಭಯವಿಲ್ಲ, ಆದರೆ ಆಪರೇಶನ್ ಆದ ಮೇಲೆ ದನಿ ಉಳಿಯುತ್ತದೋ ಇಲ್ಲವೋ ಹೇಳಲಾಗದು ಎಂದರು. ನಾವೆಲ್ಲ ದೇವರಿಗೆ ಹರಕೆ ಹೊತ್ತೆವು! ಅತ್ತಿ ಮಾತ್ರ ತಂಗಿಯನ್ನು ಜೊತೆಗಿಟ್ಟುಕೊಂಡು ಹೆಂಗಸರ ವಾರ್ಡಿನಲ್ಲಿ ಮಲಗಿ, ಬಾಗಿಲಲ್ಲಿ ನಿಂತ ಮಾಮಾನನ್ನು ಬೈದು ಕಳಿಸಿದಳು: "ಇಲ್ಲಿ ನಿಂತ ನನ್ನ ಮಾರಿ ಏನ್ ನೋಡ್ತೀರಿ? ಹೋಗಿ ಪ್ರೆಸ್ಸಿನ ಬಾಗಲಾ ತಗೀರಿ!"

ಹೆಂಡತಿಯ ಮಾತು ಎಂದೂ ಕೇಳದವನು ಅಂದು ಕೇಳಿಬಿಟ್ಟ! ನೇರ ಬಂದು ಬಾಗಿಲು ತೆಗೆದ. ಆ ಬೈಗುಳವನ್ನೇ ಮೊದಲ ಪುಟಕ್ಕೆ ಜೋಡಿಸತೊಡಗಿದ. ಅದೂ ಯಾವ ಅಕ್ಷರದಲ್ಲಿ? ನಾಟಕ ಕಂಪನಿಗಳ ಪೋಸ್ಟರಿಗೆಂದು ಇಟ್ಟಿದ್ದ, ಅಂಗೈ ಅಗಲದ ಕಟ್ಟಿಗೆಯ ಮೊಳೆಗಳಲ್ಲಿ!

"ಮಾಮಾ, ಆಕಿ ದವಾಖಾನ್ಯಾಗ ಅದಾಳ, ನೀ ಇಲ್ಲಿ ಆಕಿ ಬೈಗುಳಾ ಛಾಪಸಾಕತ್ತೀದಿ! ಮಂದಿ ಏನಂದಾರು?"

"ಮಂದಿ ಏನರ ಅನ್ಲಿ. ಆಕಿ ಅನ್ನೂದ ನಿಂತಹೋದ್ರ ಏನ ಮಾಡ್ಲೀಪಾ?"

ಅಷ್ಟಕ್ಕೇ ಅವನು ನನ್ನನ್ನು ಬಿಟ್ಟರೆ ತಾನೆ? ನಾನು ಊರಿನವರ ದನಿಯನ್ನೆಲ್ಲ ಕದಿಯುವವನು. ಬಸ್ ಕಂಡಕ್ಟರು, ಸಾಲಿ ಮಾಸ್ತರು, ತುಂಬಿದ ಸಭೆಯಲ್ಲಿ ಕೆಮ್ಮುವ ಗೌಡರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ನನ್ನ ಸ್ವಂತ ದನಿಗೇ ಅಲ್ಲಿ ಜಾಗವಿಲ್ಲ. ಮಾಮಾ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, "ಅತ್ತಿ ಆಗು. ಬೈಯ್ ನನ್ನ" ಎಂದ.

ಬೈದೆ. ಮೀಸೆ ಬಂದ ಹುಡುಗ ಅತ್ತಿಯಾಗಿ ಕೈ ತಿರುವಿ ಬೈದೆ! ಮಾಮಾ ಮೊಳೆ ಹೆಕ್ಕುತ್ತಲೇ ತಿದ್ದಿದ. "ಅಲ್ಲಲ್ಲ. 'ನಿಮ್ಮ' ಅಂದಮ್ಯಾಲ ಒಂದೀಟ ಉಸರ ಹಿಡೀತಾಳ. ಆಮ್ಯಾಲ ಬಡೀತಾಳ. ಮತ್ತೊಮ್ಮಿ ಬೈಯ್." ಬೈಸಿಕೊಂಡವನು ಉಸಿರಿನ ಅಳತೆಯನ್ನೂ ಇಟ್ಟಿದ್ದ!

ಅಷ್ಟರಲ್ಲಿ ಹೊರಗೆ ಧಡಾರ್ ಎಂದು ಕೊಡ ಬಿತ್ತು. ಬಾಜೂಮನೆಯ ಆಯಿ ಗೋಡೆ ಹಿಡಿದು ನಡುಗುತ್ತಿದ್ದಳು. "ಯವ್ವಾ! ದವಾಖಾನ್ಯಾಗ ಜೀವಾ ಹೋದಂಗ ಕಾಣತೈತಿ, ದೆವ್ವಾಗಿ ಬಂದು ಗಂಡನ್ನ ಬೈಯಾಕತ್ತಾಳ!" ನಾನು ಅತ್ತಿಯ ದನಿಯಲ್ಲೇ "ನಾ ಸತ್ತಿಲ್ಲ ಆಯೀ" ಎಂದು ಸಮಾಧಾನ ಮಾಡಹೋದೆ. ಎರಡನೆಯ ಕೊಡವೂ ಬಿತ್ತು!

ಬೈಗುಳ ಸಿದ್ಧವಾಯಿತು, ಉದ್ಗಾರ ಚಿಹ್ನೆ ಇಲ್ಲ! ದೊಡ್ಡ ಮೊಳೆಗಳಲ್ಲಿ ಇದ್ದ ಒಂದೇ ಉದ್ಗಾರವನ್ನು ಗೆದ್ದಲು ತಿಂದಿತ್ತು. ಉದ್ಗಾರವಿಲ್ಲದ ಅತ್ತಿಯೇ? ಉಪ್ಪಿಲ್ಲದ ಕಾರಬ್ಯಾಳಿಯೇ? ಮಾಮಾ ನನ್ನನ್ನು ಬೈಕಿನ ಹಿಂದೆ ಹಾಕಿಕೊಂಡು ಜಮಖಂಡಿಗೆ ಹೋದ. ಅಲ್ಲಿ ಪ್ರೆಸ್ಸು ಮುಚ್ಚಿದ ಹಿರಿಯರೊಬ್ಬರು, "ಎಲ್ಲಾ ಗಲಗಲಿ ಅಂಬಿಗರಿಗೆ ತೂಕಕ್ಕ ಹಾಕೇನ್ರಿ" ಎಂದರು. ಗಲಗಲಿಗೆ ಓಡಿದೆವು. ಕೃಷ್ಣೆಯ ದಂಡೆಯಲ್ಲಿ ಅಂಬಿಗನೊಬ್ಬ ಬಲೆ ಒಣಗಿಸುತ್ತಿದ್ದ. ಬಲೆಯ ಅಂಚಿಗೆ ಸಾಲಾಗಿ ಸೀಸದ ಗುಂಡುಗಳು. ಮೊಳೆ ಕರಗಿಸಿ ಮಾಡಿದವು!

ಮಾಮಾ ಮರಳಿನ ಮೇಲೆ ಕುಸಿದ. "ಲೇ, ಅಕ್ಷರಾ ಮೀನಾ ಹಿಡ್ಯಾಕತ್ತಾವಲ್ಲೋ!"

"ಚಿಂತಿ ಮಾಡಬ್ಯಾಡ್ರಿ," ಅಂಬಿಗ ಸಮಾಧಾನ ಹೇಳಿದ, "ಮೀನಿಗೇನ ಓದಾಕ ಬರೂದಿಲ್ಲ."

ಕಟ್ಟಿಗೆಯ ಮೊಳೆಗಳಾದರೂ ಇವೆಯೇ ಎಂದು ಕೇಳಿದೆವು. ಒಲೆಗೆ ಹೋದವಂತೆ. ಒಂದೇ ಒಂದು ಉಳಿದಿತ್ತು, ಅವನ ಮುದುಕಿ ತಾಯಿ ಅಲ್ಲೇ ಗುಡಿಸಲಲ್ಲಿ ಮಲಗಿದ್ದ ಹೊರಸಿನ ಕಾಲಿಗೆ ಒತ್ತಾಗಿ. ಮಾಮಾ ಬಗ್ಗಿ ನೋಡಿದ. ಉದ್ಗಾರ! ಕೇಳಲಿಲ್ಲ, ಹೇಳಲಿಲ್ಲ, ಹೊರಸಿನ ಕೆಳಗೆ ತೆವಳಿ ಅದನ್ನು ಕಿತ್ತೇಬಿಟ್ಟ. ಹೊರಸು ವಾಲಿತು. ಮುದುಕಿ ಉರುಳಿ ನೇರ ಮಾಮಾನ ಬೆನ್ನ ಮೇಲೆ ಬಂದಳು! ಆಕೆ ಅಲ್ಲಿಂದಲೇ ಬೈದ ಬೈಗುಳಕ್ಕೆ ನಾನು ಕಿವಿ ಮುಚ್ಚಿಕೊಂಡೆ. ಮಾಮಾ ಬೋರಲು ಬಿದ್ದಲ್ಲೇ ಕಿಸೆಯ ಪೆನ್ನು ಹುಡುಕುತ್ತಿದ್ದ.

ಇಷ್ಟೇ ಆಗಿದ್ದರೆ ನಾನು ಸುಧಾರಿಸಿಕೊಳ್ಳುತ್ತಿದ್ದೆ. ಆದರೆ ರಟ್ಟಿಗೆ ಬಟ್ಟೆ ಬೇಕಲ್ಲ? ಒಂದು ಮುಂಜಾನೆ ಹೋಗಿ ನೋಡಿದರೆ ಅತ್ತಿಯ ಮದುವೆಯ ಸೀರೆ, ಅವಳ ಅಪ್ಪ ತನ್ನ ಕೈಮಗ್ಗದಲ್ಲಿ ನೇಯ್ದ ಕೆಂಪು ಅಂಚಿನ ಸೀರೆ, ನೆಲದ ಮೇಲೆ ಹರಡಿತ್ತು. ಮಾಮಾನ ಕೈಯಲ್ಲಿ ಕತ್ತರಿ!

"ಮಾಮಾ! ಆಕಿ ನಿನ್ನ ಜೀವಂತ ಬಿಡೂದಿಲ್ಲ!"

"ಟ್ರಂಕಿನ್ಯಾಗ ಮಡಿಕಿ ಮಡಿಕಿಗೆ ಹರದೈತಿ, ನೋಡ. ಇನ್ನ ಉಡಾಕ ಬರೂದಿಲ್ಲ. ರಟ್ಟಿಗಿ ಅಂಟಿಸಿದರ ನಿಲ್ತೈತಿ." ಸ್ವಲ್ಪ ತಡೆದು ಅಂದ, "ಮತ್ತ... ಇದನ್ನ ನೋಡಿದರ ಬೈದಾಳು. ಬೈದೇ ಬೈದಾಳು."

ಅತ್ತಿ ಬಂದಳು. ಕೊರಳಿಗೆ ಬಿಳಿಯ ಪಟ್ಟಿ. ಪುಸ್ತಕ ಇನ್ನೂ ಹೊಲಿದಿರಲಿಲ್ಲ. ಎರಡು ರಟ್ಟಿನ ನಡುವೆ ಬಿಡಿ ಹಾಳೆಗಳು. ಮಾಮಾ ಅದನ್ನು ಅವಳ ತೊಡೆಯ ಮೇಲಿಟ್ಟು, ಹಳೆಯ ರೂಢಿಯಂತೆ ಕಣ್ಣು ಮುಚ್ಚಿ, ಹೆಗಲು ಮುದುಡಿ ನಿಂತ. ಅತ್ತಿ ಕೆಂಪು ಅಂಚನ್ನು ಗುರುತಿಸಿದಳು. ಕಣ್ಣು ದೊಡ್ಡವಾದವು. ಬಾಯಿ ತೆರೆದಳು.

ಬರೀ ಗಾಳಿ ಬಂತು.

ಆ ಮನೆಯಲ್ಲಿ ಕುಳಿತು ಪಕ್ಕದ ಪವರ್‌ಲೂಮಿನ ಸದ್ದು ನಾನು ಕೇಳಿದ್ದು ಅದೇ ಮೊದಲು.

ಅತ್ತಿ ಹಾಳೆ ತಿರುವಿದಳು. ಆಳವಾಗಿ ಒತ್ತಿದ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಒಂದೊಂದು ಬೈಗುಳಕ್ಕೂ ಅವಳ ಹೊಟ್ಟೆ ಕುಲುಕುತ್ತಿತ್ತು, ನಗೆಗೂ ಸದ್ದಿರಲಿಲ್ಲ. ಮಾಮಾ ನನ್ನತ್ತ ನೋಡಿ, ಅತ್ತಿಯ ದನಿಯಲ್ಲಿ ಓದು ಎಂದು ಸನ್ನೆ ಮಾಡಿದ. ಊರಿಗೆಲ್ಲ ದನಿ ಕೊಡುವ ನನಗೆ ಆ ಹೊತ್ತಿಗೆ ಆ ಒಂದು ದನಿ ಮಾತ್ರ ಹೊರಡಲಿಲ್ಲ.

ಕೊನೆಯ ಹಾಳೆ ಖಾಲಿ ಇತ್ತು. ಅತ್ತಿ ಮಾಮಾನನ್ನು ಹತ್ತಿರ ಕರೆದು, ಅವನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು. ಮಾಮಾ ನೇರ ಮೊಳೆಗಳ ಖಾನೆಗೆ ಹೋದ. ದೊಡ್ಡ ಅಕ್ಷರಗಳನ್ನು ಮುಟ್ಟಲಿಲ್ಲ. ಲಗ್ನಪತ್ರಿಕೆಯ ಕೆಳಗೆ ಪ್ರೆಸ್ಸಿನ ಹೆಸರು ಹಾಕುವ, ಇರುವೆಯಂಥ ಮೊಳೆಗಳನ್ನು ತೆಗೆದು ಒಂದು ಸಾಲು ಜೋಡಿಸಿದ. ಅಚ್ಚು ತೆಗೆದು ತಂದು ತೋರಿಸಿದ: "ನಮ್ಮಪ್ಪನ ಸೀರಿಗಿ ಕತ್ರಿ ಹಾಕಿದ ಕೈಗೆ ಹುಳಾ ಬೀಳ್ಲಿರಿ." ಪಿಸುಮಾತು ಎಷ್ಟು ಸಣ್ಣದಿತ್ತೋ ಅಷ್ಟೇ ಸಣ್ಣ ಸಾಲು. ಕೊನೆಗೆ ಒಂದು ಚುಕ್ಕಿ.

ಅತ್ತಿ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು. ಮುಖ ಗಂಟಾಯಿತು. ಎದ್ದು ಗೋಡೆ ಹಿಡಿದು ಪ್ರೆಸ್ಸಿನವರೆಗೆ ನಡೆದು, ಗಲಗಲಿಯ ಆ ದೊಡ್ಡ ಉದ್ಗಾರವನ್ನು ಎತ್ತಿ ಮಾಮಾನ ಅಂಗೈಗೆ ಫಟ್ಟನೆ ಬಡಿದಳು.

"ಇಷ್ಟ ಸಣ್ಣ ಸಾಲಿಗೆ ಇಷ್ಟ ದೊಡ್ಡದಾ?"

ಅತ್ತಿ ಗದ್ದ ಎತ್ತಿದಳು. ಹೌದು.

ಚುಕ್ಕಿ ತೆಗೆದು ಉದ್ಗಾರ ಕೂರಿಸಿ ಮಾಮಾ ಮಷಿನ್ ತುಳಿಯತೊಡಗಿದ. ಇರುವೆಯಂಥ ಸಾಲಿನ ಕೊನೆಗೆ, ಅರ್ಧ ಪುಟದೆತ್ತರದ ಉದ್ಗಾರ! ಮಷಿನ್ ಧಡ್ ಎಂದು ಮುಚ್ಚಿದಾಗಲೆಲ್ಲ, ಪಕ್ಕದಲ್ಲೇ ನಿಂತ ಅತ್ತಿಯ ತುಟಿಗಳು ಆ ಸಾಲನ್ನು ಆಡುತ್ತಿದ್ದವು. ಸದ್ದು ಮಷಿನ್ನಿನದು, ಬೈಗುಳ ಅವಳದು.

ಮಾಮಾ ತಲೆ ಎತ್ತಲಿಲ್ಲ. ಎತ್ತಿದ್ದರೆ ಅವನ ಒದ್ದೆ ಕಣ್ಣು ನಮಗೆ ಕಾಣುತ್ತಿತ್ತಲ್ಲ.

"ಕೇಳಸಾಕತ್ತೈತಿ ತಗೋ," ಎಂದ. "ಛಂದಂಗ ಕೇಳಸಾಕತ್ತೈತಿ."