ಹೋಟೆಲ್ ನೋಡುವ ಶಾಸ್ತ್ರ

ಮೂವರು ತಂಗಿಯರಿಗೆ ಗಂಡು ನೋಡಿ, ಇಬ್ಬರು ತಮ್ಮಂದಿರಿಗೆ ಹೆಣ್ಣು ತಂದವನು ನಾನು. ಆ ಐದೂ ಸಂಸಾರಗಳು ಇಂದಿಗೂ ನೆಟ್ಟಗೆ ನಡೆಯುತ್ತಿವೆ. ಅಂಥ ನನಗೆ ರಜೆಗೊಂದು ಹೋಟೆಲ್ ಆರಿಸುವುದೇನು ಮಹಾ! ಹುಕ್ಕೇರಿ ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ ನನ್ನದು. ಒಂದು ಹಿಡಿ ಜೋಳವನ್ನು ಅಂಗೈಯಲ್ಲಿ ಹರಡಿಕೊಂಡು ಅದರ ಹಣೆಬರಹ ಹೇಳುತ್ತೇನೆಂದು ಸುತ್ತಲ ಊರಿನವರು ನಂಬಿದ್ದಾರೆ. ನಾನೂ ನಂಬಿದ್ದೆ.

ಮಾತು ಹುಟ್ಟಿದ್ದು ಮಗಳು ಸನ್ಮತಿಯಿಂದ. ಅವಳ ಗೆಳತಿಯೊಬ್ಬಳು ಕೊಲ್ಲಾಪುರದ ಆಚೆ ಯಾವುದೋ ನೀರಾಟದ ಪಾರ್ಕಿಗೆ ಹೋಗಿ ಬಂದಿದ್ದಳು. ಪಾರ್ಕಿನೊಳಗೇ ಹೋಟೆಲಂತೆ, ಕಿಟಕಿ ತೆಗೆದರೆ ಎದುರಿಗೇ ಜಾರುಬಂಡಿಯಂತೆ. ಬೇಸಿಗೆ ರಜೆ ಮುಗಿಯುವುದರೊಳಗೆ ತಾನೂ ಅಂಥದರಲ್ಲಿ ಉಳಿಯಲೇಬೇಕೆಂದು ಸನ್ಮತಿ ಹಟ ಹಿಡಿದಳು. ನನ್ನ ಹೆಂಡತಿ ಸುನಂದಾ ಹಟವೇನೂ ಮಾಡಲಿಲ್ಲ. ರೊಟ್ಟಿ ಬಡಿಯುತ್ತಲೇ ಒಂದು ಮಾತು ಹೇಳಿದಳು.

“ನನಗ ಜಾರೂದೂ ಬ್ಯಾಡ, ತೇಲೂದೂ ಬ್ಯಾಡ. ಮೂರು ದಿನಾ ಬ್ಯಾರೆದವರು ಮಾಡಿದ್ದು ಕುಂತು ಉಣ್ಣಬೇಕು ನೋಡ್ರಿ. ಅಷ್ಟ.”

ಇಷ್ಟು ಸಣ್ಣ ಬೇಡಿಕೆ. ಇದನ್ನು ಈಡೇರಿಸಲಾರದೆ ಹೋಗಲು ವಿಶೇಷ ಪ್ರತಿಭೆ ಬೇಕು. ಅದು ನನ್ನಲ್ಲಿತ್ತು.

ಪೇಟೆಯಲ್ಲಿ ಟ್ರಾವೆಲ್ಸ್ ನಡೆಸುವವರಿಂದ ಅಂಥ ಎರಡು ಹೋಟೆಲುಗಳ ಬಣ್ಣದ ಫೋಟೋ ತಂದೆ. ಒಂದಕ್ಕೆ ಬೆರಳಿಟ್ಟು ಹೂಂ ಅಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ನಮ್ಮ ಮನೆತನದಲ್ಲಿ ಅಣ್ಣಾಸಾಬ ಕಾಕಾನನ್ನು ಕೇಳದೆ ಯಾವ ಕೆಲಸವೂ ಆಗುವುದಿಲ್ಲ. ಅವರು ನನ್ನ ತಂದೆಯ ತಮ್ಮ, ಮಗ್ಗುಲ ಮನೆಯಲ್ಲೇ ಇದ್ದಾರೆ. ಊರಿನ ಅರ್ಧ ಸಂಬಂಧಗಳನ್ನು ಕೂಡಿಸಿದವರು. ಫೋಟೋಗಳನ್ನು ಕನ್ನಡಕದ ಒಳಗಿನಿಂದ ಒಮ್ಮೆ, ಮೇಲಿನಿಂದ ಒಮ್ಮೆ ನೋಡಿ ಕೆಳಗಿಟ್ಟರು.

“ಫೋಟೋ ನೋಡಿ ಹೂಂ ಅನ್ನಾಕ ಬರ್ತೈತೇನಪಾ? ಫೋಟೋದಾಗ ಎಲ್ಲಾರೂ ಚಂದನ ಇರ್ತಾರ. ನಾಕ ಮಂದಿ ಹೋಗಿ, ಕುಂತು, ಮಾತಾಡಿ, ಕಣ್ಣೀಲೆ ನೋಡಿ ಬರಬೇಕು.”

ಹಾಗೆ ನಿಯೋಗವೊಂದು ಸಿದ್ಧವಾಯಿತು. ಕಾಕಾ, ಅವರ ಗೆಳೆಯರಾದ ನಿವೃತ್ತ ಹೆಡ್‌ಮಾಸ್ತರರು, ಮತ್ತು ನಾನು. ಮೂವರು ಹೋಗಬಾರದೆಂದು ಜೀಪಿನ ಡ್ರೈವರನನ್ನೂ ಹಿರಿಯರ ಸಾಲಿನಲ್ಲಿ ಎಣಿಸಿಕೊಂಡೆವು.

“ನಾವೂ ಬರ್ತೇವಲ್ರಿ,” ಅಂದಳು ಸುನಂದಾ. “ನೋಡಿದಂಗೂ ಆತು, ಇದ್ದು ಬಂದಂಗೂ ಆತು.”

ಆ ಇಡೀ ತಿಂಗಳಲ್ಲಿ ನಮ್ಮ ಮನೆಯಲ್ಲಿ ಯಾರಾದರೂ ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ. ಕಾಕಾ ಅದನ್ನು ಪ್ರೀತಿಯಿಂದಲೇ ತಳ್ಳಿಹಾಕಿದರು.

“ನೋಡಾಕ ಹೋಗುವಾಗ ಮನಿಮಂದಿಯೆಲ್ಲಾ ಹೋಗೂದು ಚಂದ ಕಾಣೂದಿಲ್ಲವ್ವಾ. ಪಸಂದ ಬಿತ್ತಂದ್ರ ಎಲ್ಲಾರೂ ಹೋಗೂದು ಐತೇ ಐತಿ.”

ಹತ್ತರಗಿಯಲ್ಲಿ ಹೆದ್ದಾರಿ ಹಿಡಿದು ಹೊರಟೆವು. ಮೊದಲ ಹೋಟೆಲಿನ ಕೌಂಟರಿನಲ್ಲಿ ಕುಳಿತ ಹುಡುಗಿ ರೂಮು ಬುಕ್ ಆಗಿದೆಯೇ ಎಂದು ಮರಾಠಿಯಲ್ಲಿ ಕೇಳಿದಳು. ಕಾಕಾ ಗಂಭೀರವಾಗಿ, ತಾವು ನೋಡಲು ಬಂದವರೆಂದು ಅವಳ ಭಾಷೆಯಲ್ಲೇ ಹೇಳಿ ಸೋಫಾದ ಮೇಲೆ ಕುಳಿತರು. ನಾವೂ ಕುಳಿತೆವು. ಅವಲಕ್ಕಿ, ಚಹಾ ಬರಬೇಕಿತ್ತು, ಬರಲಿಲ್ಲ. ಆಮೇಲೆ ಕಾಕಾ ವಿಚಾರಣೆ ಶುರುಮಾಡಿದರು. ಹೋಟೆಲ್ ಯಾರದು, ಮೂಲ ಯಾವ ಊರಿನವರು, ಅಣ್ಣತಮ್ಮಂದಿರೆಷ್ಟು, ಪಾಲು ಆಗಿದೆಯೋ ಇಲ್ಲವೋ. ಆ ಹುಡುಗಿ ನಮ್ಮನ್ನು ಆದಾಯ ತೆರಿಗೆಯವರೆಂದು ತಿಳಿದಳೋ ಏನೋ, ಪಟಪಟ ಉತ್ತರ ಕೊಟ್ಟಳು. ಕೊನೆಗೆ ರಾತ್ರಿ ಊಟ ಎಂಟರ ಮೇಲೆ ಎಂದಾಗ ಕಾಕಾ ಟೊಪ್ಪಿಗೆ ಸರಿಪಡಿಸಿಕೊಂಡು ಎದ್ದರು. ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವುದಿಲ್ಲ. ಆದರೆ ಮುಖದ ಮೇಲೆಯೇ ಒಲ್ಲೆ ಎನ್ನುವುದುಂಟೇ? ಮನೆಗೆ ಹೋಗಿ ವಿಚಾರ ಮಾಡಿ ತಿಳಿಸುತ್ತೇವೆ ಎಂದು ಕೈಮುಗಿದು ಹೊರಬಂದೆವು.

ಎರಡನೆಯ ಹೋಟೆಲಿನ ಮ್ಯಾನೇಜರರು ನಿಪ್ಪಾಣಿ ಕಡೆಯವರು, ಕನ್ನಡ ಬಲ್ಲವರು. ಹೊತ್ತು ಮುಳುಗುವ ಮೊದಲೇ, ಉಳ್ಳಾಗಡ್ಡಿ ಇಲ್ಲದೆ ಅಡುಗೆ ಮಾಡಿಸಿಕೊಡುತ್ತೇನೆ ಅಂದರು. ಕಾಕಾನ ಮುಖ ಅರಳಿತು. ಆದರೂ ಅಡುಗೆ ನೋಡದೆ ಒಪ್ಪುವುದು ಹೇಗೆ? ಊಟ ಮಾಡಿದೆವು. ಊಟ ಮಾಡಿದ ಮೇಲೆ ಹಾಸಿಗೆ ನೋಡದೆ ಒಪ್ಪುವುದು ಹೇಗೆ? ಉಳಿದೆವು. ಬೆಳಿಗ್ಗೆ ಹೆಡ್‌ಮಾಸ್ತರರು ಒಂದು ಸಂದೇಹ ಎತ್ತಿದರು.

“ಮಕ್ಕಳು ಜಾರೂ ಜಾಗಾ ಅದು. ನಾವು ಪರೀಕ್ಷಾ ಮಾಡಲಾರದ ಹೆಂಗ ಬಿಡೂದ್ರಿ?”

ಧೋತರ ಉಟ್ಟವರಿಗೆ ನೀರಿನಲ್ಲಿ ಪ್ರವೇಶವಿಲ್ಲ ಎಂದು ಅಲ್ಲಿಯವರು ತಡೆದರು. ನಮ್ಮ ಕರ್ತವ್ಯಪ್ರಜ್ಞೆ ಅಷ್ಟಕ್ಕೆಲ್ಲ ಕುಂದುವಂಥದ್ದಲ್ಲ. ಬಾಡಿಗೆಗೆ ಸಿಗುವ ನೀಲಿ ನೈಲಾನ್ ಚಡ್ಡಿ ಹಾಕಿಕೊಂಡು, ಒಂದು ಕೈಯಲ್ಲಿ ಟೊಪ್ಪಿಗೆ ಒತ್ತಿ ಹಿಡಿದು, ಅಣ್ಣಾಸಾಬ ಕಾಕಾ ಮೂರಂತಸ್ತಿನ ಎತ್ತರದಿಂದ ಹೊರಟರು. ಕೆಳಗೆ ಬಂದು ಮುಳುಗಿ ಎದ್ದಾಗ ಬಾಯಿಂದ ಮೊದಲು ನೀರು ಬಂತು, ಆಮೇಲೆ ತೀರ್ಪು ಬಂತು.

“ಈ ಸಲ ಕಣ್ಣು ಮುಚ್ಚಿದ್ನಿ. ಏನೂ ಕಾಣ್ಲಿಲ್ಲ. ಮತ್ತೊಮ್ಮೆ ನೋಡಬೇಕು.”

ಅವರು ಎಷ್ಟು ಸಲ ನೋಡಿದರೋ, ನಾನು ಎಷ್ಟು ಸಲ ನೋಡಿದೆನೋ! ಒಂದು ದಿನಕ್ಕೆಂದು ಹೋದವರು ಮೂರನೆಯ ದಿನ ಹೊರಟೆವು. ಹೊರಡುವಾಗ ಕಾಕಾ ಮ್ಯಾನೇಜರರ ಎರಡೂ ಕೈ ಹಿಡಿದುಕೊಂಡು, ಇಷ್ಟು ವರ್ಷಗಳ ರೂಢಿಯಂತೆ ಹೇಳಿಯೇಬಿಟ್ಟರು.

“ನಮಗ ಪಸಂದ ಐತ್ರಿ. ಇನ್ನ ನೀವೂ ಒಮ್ಮಿ ಬಂದು ನಮ್ಮ ಮನಿ ನೋಡ್ರಿ.”

ಸುನಂದಾ ಬಾಗಿಲಲ್ಲೇ ನಿಂತಿದ್ದಳು.

“ಮೂಗು ಯಾಕ್ರಿ ಸುಲದೈತಿ?”

“ಬಿಸಲಾಗ ನಿಂತು ನೋಡಿದ್ವಿ.”

“ಕಣ್ಣು ಯಾಕ ಕೆಂಪಗ ಆಗ್ಯಾವು?”

“ಭಾಳ ನೋಡಿದ್ವಿ.”

ಅವಳು ಒಳಗೆ ಹೋಗಿ ಎಂದಿಗಿಂತ ಜೋರಾಗಿ ರೊಟ್ಟಿ ಬಡಿಯತೊಡಗಿದಳು. ಅದು ಒಳ್ಳೆಯ ಲಕ್ಷಣವಲ್ಲವೆಂದು ನನಗೆ ಅನುಭವದಿಂದ ಗೊತ್ತು. ಸನ್ಮತಿಯಂತೂ ನನ್ನ ಚೀಲದಲ್ಲಿದ್ದ ಒದ್ದೆ ಟವೆಲ್ ಹಿಡಿದುಕೊಂಡು ಅತ್ತೇಬಿಟ್ಟಳು. “ಹೋಗೂಣವ್ವಾ, ಇನ್ನ ಹೋಗೂಣು” ಎಂದು ನಾನು ಸಮಾಧಾನ ಮಾಡುತ್ತಿರುವಾಗಲೇ ಮ್ಯಾನೇಜರರ ಫೋನು ಬಂತು. ಅವರು ಎರಡು ದಿನ ಬಿಟ್ಟು ನಮ್ಮ ಮನೆ ನೋಡಲು ಬರುವವರಿದ್ದರು! ಹುಕ್ಕೇರಿಯಿಂದ ಹತ್ತಿಪ್ಪತ್ತು ಕುಟುಂಬಗಳ ಗಿರಾಕಿ ಸಿಗಬಹುದೆಂಬ ಆಸೆ ಅವರಿಗೆ. ಮನೆತನದ ಮರ್ಯಾದೆಯ ಚಿಂತೆ ಕಾಕಾಗೆ.

ಮರ್ಯಾದೆ ಅಂದರೆ ನಮ್ಮಲ್ಲಿ ಹೋಳಿಗೆ. ಮೂರು ದಿನ ಒಲೆಯಿಂದ ಬಿಡುಗಡೆ ಕೇಳಿದ್ದ ಹೆಂಗಸು, ಹೋಟೆಲಿನವರಿಗಾಗಿ ಬೆಳಗಿನಿಂದ ಒಲೆಯ ಮುಂದೆ ಕುಳಿತಳು. ಮ್ಯಾನೇಜರರು ಒಬ್ಬರೇ ಬರಲಿಲ್ಲ. ಜೊತೆಗೆ ಒಬ್ಬ ಗುಮಾಸ್ತ, ಒಬ್ಬ ಅಡುಗೆ ಭಟ್ಟ. ಆ ಭಟ್ಟನಂತೂ ಮೂರನೆಯ ಹೋಳಿಗೆಗೆ ತುಪ್ಪ ಸುರಿದುಕೊಂಡು, “ಇಂಥಾದ್ದು ನಮ್ಮಲ್ಲಿ ಆಗೂದಿಲ್ಲ ಬಿಡ್ರಿ ವೈನಿ” ಎಂದು ಸತ್ಯ ನುಡಿದ.

ಎಲೆಯಡಿಕೆ ಆದ ಮೇಲೆ ಮ್ಯಾನೇಜರರು ಸಂಕೋಚದಿಂದ ವಿಷಯಕ್ಕೆ ಬಂದರು.

“ಸಾಲಿ ಶುರು ಆಗೂದರೊಳಗ ಅಂದ್ರ ಒಂದ ರೂಮ್ ಖಾಲಿ ಐತ್ರಿ. ಮೂರ ಮಂದೀದು. ಉಳಿದವು ನೀವು ನೋಡಾಕ ಬಂದಾಗ ಖಾಲಿ ಇದ್ದುವು, ಈಗ ತುಂಬ್ಯಾವು. ಯಾರ ಹೆಸರು ಬರಕೊಳ್ಳಲಿ?”

ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ, ಹಿಟ್ಟಿನ ಕೈಯಲ್ಲೇ ಸುನಂದಾ ಹೇಳಿದಳು.

“ನಂದು, ಮಗಳದು, ನಮ್ಮ ಕಾಕೀದು.”

“ಮತ್ತ ಸಾವಕಾರು?”

“ಅವರು ನೋಡಿ ಬಂದಾರಲ್ರಿ.”

ಕಾಕಾ ನನ್ನತ್ತ ನೋಡಿದರು. ನಾನು ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದೆ.

ಸುನಂದಾ, ಸನ್ಮತಿ, ಕಾಕಿ ಮೂವರೂ ಹೋಟೆಲಿಗೆ ಹೋದರು. ಎರಡೂ ಮನೆಗಳ ಗಂಡಸರಾದ ಕಾಕಾ ಮತ್ತು ನಾನು ನಮ್ಮ ಅಡುಗೆಮನೆಯಲ್ಲಿ ಸೇರಿದೆವು. ಮೊದಲ ದಿನ ಅನ್ನ ತಳ ಹಿಡಿಯಿತು. ಎರಡನೆಯ ದಿನ ಹಾಲು ಉಕ್ಕಿ ಗ್ಯಾಸಿನ ಒಲೆ ಕಟ್ಟಿಕೊಂಡಿತು, ಕಾಕಾ ಅದನ್ನು ಸೂಜಿಯಿಂದ ಚುಚ್ಚಿ ಇನ್ನಷ್ಟು ಕೆಡಿಸಿದರು. ಮೂರನೆಯ ದಿನ ಕುಕ್ಕರಿನ ಬೇಳೆ ಛಾವಣಿಗೆ ಹಾರಿ ಅಲ್ಲೇ ಉಳಿಯಿತು. ಆಮೇಲೆ ಬಾಳೆಹಣ್ಣು ತಿಂದೆವು.

ಮರಳಿ ಬಂದ ಸುನಂದಾಳ ಮುಖದಲ್ಲಿ ನಾನು ಎಂದೂ ಕಾಣದ ಒಂದು ನಿರಾಳವಿತ್ತು. ಸನ್ಮತಿ ಜಾರಿದ ಕಥೆಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಓಣಿಗೆ ಓಡಿದಳು. ನಾನು ಹೆಂಡತಿಯನ್ನು ಕೇಳಿದೆ, “ಊಟ ಹೆಂಗಿತ್ತು?”

“ಅಷ್ಟಕ್ಕಷ್ಟ. ಉಪ್ಪು ಕಮ್ಮಿ.” ಚೀಲ ಕೆಳಗಿಟ್ಟಳು. “ಆದ್ರ ಬಡಿಸಾಂವ ಪ್ರತಿ ಸಲಾ ಬಂದು, ನಿಮಗ ಇನ್ನೇನ್ ಬೇಕ್ರಿ ಅಂತ ಕೇಳ್ತಿದ್ದ. ಮೊದಲನೆ ದಿನಾ ನನಗ ಏನ್ ಹೇಳಬೇಕೋ ತಿಳೀಲಿಲ್ಲರಿ. ಯಾರೂ ಕೇಳಿದ್ದ ಇಲ್ಲಲ್ಲ.”

ನನಗೆ ಬಹಳ ನಾಚಿಕೆಯಾಯಿತು. ಇಷ್ಟು ವರ್ಷ ಅವಳು ಬಡಿಸಿದ್ದನ್ನು ಉಂಡು ಕೈತೊಳೆದು ಎದ್ದವನು ನಾನು, ಒಮ್ಮೆಯೂ ಆ ಮಾತು ನನ್ನ ಬಾಯಲ್ಲಿ ಬಂದಿರಲಿಲ್ಲ. ಈಗಲಾದರೂ ಬರಲಿ ಎಂದು ಎದ್ದು ಹೋಗಿ ಅವಳ ಮುಂದೆ ನಿಂತು, ಸಾಧ್ಯವಾದಷ್ಟು ಮೃದುವಾಗಿ ಕೇಳಿದೆ.

“ಸುನಂದಾ, ನಿನಗ ಏನ್ ಬೇಕ?”

ಅವಳು ಅಡುಗೆಮನೆಯ ಬಾಗಿಲು ತೆರೆದಳು. ಒಲೆ ನೋಡಿದಳು, ಕುಕ್ಕರ್ ನೋಡಿದಳು, ಛಾವಣಿ ನೋಡಿದಳು. ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಬಂದು ಮಂಚದ ಮೇಲೆ ಕುಳಿತಳು.

“ಏಣಿ ತರ್ರಿ,” ಅಂದಳು. “ಮೊದಲ ಮ್ಯಾಲಿಂದ ತೊಳಕೋತ ಬರ್ರಿ.”