ದಾರ ಹಿಡಿದ ಕೈ

ಪರೀಕ್ಷೆ ಎಂದರೆ ನನಗೆ ಮೊದಲಿನಿಂದಲೂ ಭಾರೀ ಗೌರವ. ಬರೆಸುವವಳಾಗಿದ್ದರಿಂದಷ್ಟೇ ಆ ಗೌರವ ಉಳಿದುಕೊಂಡು ಬಂದಿತ್ತು ಎಂಬುದು ತಡವಾಗಿ ಗೊತ್ತಾಯಿತು. ನಾನು ಶಹಾಬಾದಿನಲ್ಲಿ ಗಣಿತದ ಟೀಚರ್. ಮೊದಲು ನೌಕರಿಗೆ ಸೇರಿದ್ದು ಚಿಂಚೋಳಿ ಕಡೆಯ ಐನಾಪುರದಲ್ಲಿ. ಅಲ್ಲಿಂದ ಇಲ್ಲಿಯವರೆಗೂ ಪರೀಕ್ಷಾ ಕೋಣೆಯಲ್ಲಿ ನನ್ನದೊಂದು ಪದ್ಧತಿ. ಮುಗಿಯಲು ಐದು ನಿಮಿಷವಿದೆ ಎನ್ನುವ ಎಚ್ಚರಿಕೆ ಗಂಟೆ ಹೊಡೆಯಿತೋ, ನಾನು ಕುರ್ಚಿ ಬಿಟ್ಟು ಎದ್ದೆನೆಂದೇ ಲೆಕ್ಕ. ಉತ್ತರ ಪತ್ರಿಕೆ ಕಟ್ಟುವ ಬಿಳಿ ದಾರವನ್ನು ಬೆರಳಿಗೆ ಸುತ್ತಿಕೊಂಡು ಬೆಂಚುಗಳ ನಡುವೆ ಓಡಾಡುತ್ತೇನೆ. ದಾರ ಕಂಡದ್ದೇ ಮಕ್ಕಳ ಪೆನ್ನಿಗೆ ಅವಸರ ಹತ್ತುತ್ತದೆ. ಮುಗಿಸದವರೂ ಹಾಳೆ ಮುಂದೆ ಮಾಡುತ್ತಾರೆ. ಇದಕ್ಕೆ ನಾನು ಶಿಸ್ತು ಎಂದು ಹೆಸರಿಟ್ಟಿದ್ದೆ.

ಏಳನೆಯ ತರಗತಿಯ ಮುಸ್ಕಾನಳ ಹತ್ತಿರ ಮಾತ್ರ ಈ ಶಿಸ್ತು ನಡೆಯುತ್ತಿರಲಿಲ್ಲ. ಅವಳ ಮನೆಯವರು ನೆಲಕ್ಕೆ ಹಾಸುವ ಪರ್ಸಿ ಕಲ್ಲಿಗೆ ಪಾಲಿಶ್ ಮಾಡುವವರು. ಬಾಯಿಲೆಕ್ಕ ಕೇಳಿದರೆ ನನ್ನ ಪ್ರಶ್ನೆ ಮುಗಿಯುವ ಮೊದಲೇ ಅವಳ ಉತ್ತರ ಬಂದಿರುತ್ತಿತ್ತು. ಆದರೆ ಎಲ್ಲ ಶಾಲೆಗಳಿಗೂ ಒಂದೇ ಎಂದು ಬರುವ ಮೌಲ್ಯಮಾಪನದಲ್ಲಿ ಬಾಯಿಗೆ ಕೆಲಸವಿಲ್ಲ, ಸರಿ ಉತ್ತರದ ಗುಂಡಗಿನ ಖಾನೆಗೆ ಕಪ್ಪು ತುಂಬಬೇಕು. "ಗೆರಿ ದಾಟಬಾರ್ದು, ಒಳಗ ಖಾಲಿ ಉಳೀಬಾರ್ದು" ಎಂದು ನಾನೇ ಹೇಳಿಕೊಟ್ಟಿದ್ದೆ. ಹುಡುಗಿ ಅದನ್ನು ಮನಸ್ಸಿಗೆ ಹಚ್ಚಿಕೊಂಡು, ಒಂದೊಂದು ಖಾನೆಗೂ ಪಾಲಿಶ್ ಮಾಡುತ್ತ ಕೂತಳು. ಗಂಟೆ ಹೊಡೆದಾಗ ಅರ್ಧ ಹಾಳೆ ಹಾಗೇ ಇತ್ತು.

"ಯಾಕ, ಲೆಕ್ಕ ಬರಲಿಲ್ಲೇನು?"

"ಬಂದಾವ್ರಿ ಟೀಚರ್, ಕಪ್ಪು ಹಚ್ಚೋದು ಮುಗಿದಿಲ್ರಿ."

ನಾನು ಹಾಳೆ ಎಳೆದುಕೊಂಡೆ. ಫಲಿತಾಂಶ ಬಂದಾಗ ಅವಳ ಹೆಸರು 'ಕಲಿಕೆಯಲ್ಲಿ ಹಿಂದುಳಿದವರು' ಎಂಬ ಗುಂಪಿನಲ್ಲಿತ್ತು. ಅಂದಿನಿಂದ ಅವಳು ಬಾಯಿಲೆಕ್ಕಕ್ಕೂ ಕೈ ಎತ್ತುವುದನ್ನು ಬಿಟ್ಟಳು.

ಅಷ್ಟರಲ್ಲಿ ನಮಗೂ ಪರೀಕ್ಷೆಯ ಆದೇಶ ಬಂತು. ನೌಕರಿಯಲ್ಲಿರುವ ಶಿಕ್ಷಕರೂ ಅರ್ಹತಾ ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ನೌಕರಿ ಉಳಿಯುವುದಿಲ್ಲ. ನನಗೆ ಮೊದಲು ಬಂದದ್ದು ಸಿಟ್ಟು. ಏನೂ ಬಾರದವರ ಕೈಗೆ ಮಕ್ಕಳನ್ನು ಕೊಡಬಾರದೆಂಬುದು ನ್ಯಾಯವೇ, ಒಪ್ಪುತ್ತೇನೆ. ಆದರೆ ರೊಟ್ಟಿ ಮುರಿದು ನಾನು ಭಿನ್ನರಾಶಿ ಕಲಿಸುವುದನ್ನು ಒಬ್ಬರಾದರೂ ಬಂದು ನೋಡಬೇಡವೇ? ಸಿಟ್ಟು ಬೇಗ ಇಳಿಯಿತು, ಅಂಜಿಕೆ ಇಳಿಯಲಿಲ್ಲ. ನಮ್ಮ ಮನೆಯವರು, "ಮಕ್ಕಳಿಗೊಂದು ನ್ಯಾಯ, ನಿನಗೊಂದು ನ್ಯಾಯ ಅದ ಏನು? ಸುಮ್ನ ಓದು, ಚಹಾ ನಾ ಮಾಡ್ತೀನಿ" ಎಂದರು. ಆ ಚಹಾ ಕುಡಿದ ಮೇಲೆ ಪರೀಕ್ಷೆಯೇ ವಾಸಿ ಅನಿಸುತ್ತಿತ್ತು.

ಕೇಂದ್ರ ಕಲಬುರಗಿಯಲ್ಲಿ. ವಾಡಿ ಕಡೆಯಿಂದ ಬಂದ ರೈಲಿನ ತುಂಬ ನಮ್ಮಂಥ ಶಿಕ್ಷಕರೇ, ಎಲ್ಲರ ಕೈಯಲ್ಲೂ ಗೈಡು. ಪತ್ರಿಕೆಯಲ್ಲಿ ಒಂದು ಪ್ರಶ್ನೆ: ನಿಧಾನವಾಗಿ ಬರೆಯುವ ಮಗುವಿಗೆ ಶಿಕ್ಷಕರು ಏನು ಮಾಡಬೇಕು? 'ಹೆಚ್ಚು ಸಮಯ ಕೊಡಬೇಕು' ಎಂಬುದಕ್ಕೆ ನಾನು ಒಂದಿಷ್ಟೂ ಯೋಚಿಸದೆ ಕಪ್ಪು ತುಂಬಿದೆ. ಗಣಿತ ನನ್ನದೇ ವಿಷಯವಲ್ಲವೇ ಎಂದು ಅದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅದಕ್ಕೆ ಕೈ ಹಾಕುವಷ್ಟರಲ್ಲಿ ಎಚ್ಚರಿಕೆ ಗಂಟೆ ಹೊಡೆಯಿತು.

ನಾನು ಎದ್ದುಬಿಟ್ಟೆ. ಬೆಂಚುಗಳ ನಡುವೆ ನಡೆದು, ಮುಂದೆ ಕೂತವರತ್ತ ಕೈ ಚಾಚಿದೆ. ಸೇಡಂ ಕಡೆಯ ಮಾಸ್ತರರೊಬ್ಬರು ಪಾಪ, ಅರ್ಧಕ್ಕೇ ಹಾಳೆ ಕೊಟ್ಟೇಬಿಟ್ಟರು. ಮೇಲ್ವಿಚಾರಕ ಓಡಿ ಬಂದ.

"ಮೇಡಂ, ಏನ್ ಮಾಡಾಕತ್ತೀರಿ? ನಿಮ್ಮ ಜಾಗಾದಾಗ ಕುಂದರ್ರಿ!"

ಯಾರೂ ನಗಲಿಲ್ಲ. ನಗುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಕೂತು, ಗೆರೆ ದಾಟದಂತೆ ಒಂದೊಂದೇ ಖಾನೆ ತುಂಬತೊಡಗಿದೆ. ಕೊನೆಯ ಗಂಟೆ ಹೊಡೆದಾಗ ಗಣಿತದ ಬಹುಪಾಲು ಖಾಲಿ ಇತ್ತು.

"ಲೆಕ್ಕ ಬರ್ತಾವ್ರಿ ಸರ್, ಕಪ್ಪು ಹಚ್ಚೋದಷ್ಟೇ ಉಳದದ" ಎಂದೆ.

"ಎಲ್ಲರಿಗೂ ಒಂದೇ ಟೈಮ್ ಅದರಿ ಮೇಡಂ" ಎಂದು ಆತ ಮೆಲ್ಲಗೆ ಹಾಳೆ ತೆಗೆದುಕೊಂಡ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ರೈಲಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ. ಫಲಿತಾಂಶ ಇನ್ನೂ ಬಂದಿಲ್ಲ. ನೌಕರಿ ಇರುತ್ತದೋ ಇಲ್ಲವೋ ಗೊತ್ತಿಲ್ಲ.

ಮೊನ್ನೆ ತರಗತಿಯಲ್ಲಿ ಖಾನೆ ತುಂಬುವ ಅಭ್ಯಾಸ ಪರೀಕ್ಷೆ ಇತ್ತು. ಕೊನೆಯ ಗಂಟೆ ಹೊಡೆಯಿತು. ಉಳಿದವರ ಹಾಳೆ ಬಂತು, ಮುಸ್ಕಾನಳದು ಮಾತ್ರ ಇನ್ನೂ ಅರ್ಧವಾಗಿತ್ತು. ನಾನು ಮೇಜಿನ ಹತ್ತಿರ ಹೋಗಿ, ಹಾಳೆ ಕಟ್ಟಲು ದಾರ ಹುಡುಕತೊಡಗಿದೆ. ಡ್ರಾವರಿನಲ್ಲಿ ಹುಡುಕಿದೆ, ಹಾಜರಿ ಪುಸ್ತಕದ ಅಡಿಯಲ್ಲಿ ಹುಡುಕಿದೆ, ಸೀಮೆಸುಣ್ಣದ ಡಬ್ಬಿಯಲ್ಲೂ ಹುಡುಕಿದೆ. ಇದು ಉಳಿದ ಮಕ್ಕಳಿಗೆ ನ್ಯಾಯವೋ ಅಲ್ಲವೋ ನನಗೆ ತಿಳಿಯದು. ನಿಜವಾದ ಪರೀಕ್ಷೆಗೆ ಈ ಸಲದಿಂದ ಬೇರೆ ಶಾಲೆಯವರು ಬರುತ್ತಾರೆ, ಅವರ ದಾರ ಕಳೆಯುವುದಿಲ್ಲ ಎಂಬುದೂ ಗೊತ್ತು.

"ಟೀಚರ್ರಿ," ಮುಸ್ಕಾನ್ ತಲೆ ಎತ್ತದೆ, ಖಾನೆ ತುಂಬುತ್ತಲೇ ಹೇಳಿದಳು, "ದಾರ ನಿಮ್ಮ ಬೆರಳಿಗೇ ಅದರಿ."

"ಇದು ಗಿಡ್ಡ ಅದ," ಎಂದೆ. "ಇನ್ನೊಂದು ಹುಡುಕ್ತೀನಿ. ನೀ ಬರಿ."