ವೇಗದ ಪಾಠ, ವಿಮೆಯ ಫೋನು

ಗಂಡ ರೂಫಸ್‌ನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಬ್ರಯನಿ ಎಂದಿನ ಹೊತ್ತಿಗೇ ಎದ್ದಳು. ಅಭ್ಯಾಸಬಲದಿಂದ ಎರಡು ಕಪ್ ಚಹಾ ಮಾಡಿದಳು. ಒಂದನ್ನು ಕುಡಿದು, ಇನ್ನೊಂದನ್ನು ಕಿಟಕಿಯಲ್ಲಿದ್ದ ಜೆರೇನಿಯಂ ಗಿಡಕ್ಕೆ ಸುರಿದಳು. ಫ್ರಿಜ್‌ನಲ್ಲಿ ಒಂದು ಮೊಟ್ಟೆ ಇಡಲೂ ಜಾಗವಿರಲಿಲ್ಲ. ಇಂಗ್ಲೆಂಡಿನ ಆ ಹಳ್ಳಿ ಆಸ್ಕರ್ಬಿಯಲ್ಲಿ ಯಾರಾದರೂ ಸತ್ತರೆ ಜನ ಬಾಯಿಬಿಟ್ಟು ಅಳುವುದಿಲ್ಲ, ಹಿಟ್ಟಿನೊಳಗೆ ಮಾಂಸ ತುಂಬಿದ ಪೈ ಬೇಯಿಸಿ ತಂದುಕೊಡುತ್ತಾರೆ. ಆ ಲೆಕ್ಕದಲ್ಲಿ ರೂಫಸ್‌ ಮೇಲೆ ಊರಿಗೆ ಭಾರಿ ಪ್ರೀತಿ ಇತ್ತು.

ಆಗ ಫೋನು ಬಂತು. ಕಾರಿನ ವಿಮೆಯವರು.

"ನಿಮ್ಮ ಯಜಮಾನರ ಹೆಸರಲ್ಲಿದ್ದ ಪಾಲಿಸಿ ಇನ್ನು ನಡೆಯಲ್ಲ ಮೇಡಂ," ಎಂದಿತು ಎಳೆಯ ಹೆಣ್ಣುದನಿ. "ನಿಮ್ಮ ಹೆಸರಲ್ಲಿ ಹೊಸದು ಮಾಡ್ಕೊಡ್ತೀನಿ. ಒಂದೆರಡು ಪ್ರಶ್ನೆ ಅಷ್ಟೇ. ಈಚೆಗೆ ಅತಿವೇಗ, ಲೈಸೆನ್ಸ್ ಮೇಲೆ ಪಾಯಿಂಟು, ಅಂಥದ್ದೇನಾದ್ರೂ..."

"ಬಾಗಿಲಿಗೆ ಯಾರೋ ಬಂದ್ರು!" ಎಂದು ಬ್ರಯನಿ ಫೋನು ಇಟ್ಟುಬಿಟ್ಟಳು.

ಅಂಥದ್ದು ಇತ್ತು. ವಸಂತದಲ್ಲಿ ಪಟ್ಟಣದ ರಸ್ತೆಯ ಕ್ಯಾಮೆರಾ ಅವಳನ್ನು ಹಿಡಿದಿತ್ತು. ತಪ್ಪು ಸಣ್ಣದಾದ್ದರಿಂದ ಪೊಲೀಸರು ಎರಡು ದಾರಿ ಕೊಟ್ಟಿದ್ದರು: ಲೈಸೆನ್ಸ್ ಮೇಲೆ ತಪ್ಪಿನ ಗುರುತಾಗಿ ಪಾಯಿಂಟು ಹಾಕಿಸಿಕೊ, ಇಲ್ಲವೇ ನಿಧಾನವಾಗಿ ಓಡಿಸುವುದನ್ನು ಕಲಿಸುವ ವೇಗದ ಪಾಠಕ್ಕೆ ಕೂತುಕೊ. ಅವಳು ಕೂತಿದ್ದಳು. ಪಾಠ ಹೇಳಿದಾತನ ಮಾತಿನ ವೇಗ ಹೇಗಿತ್ತೆಂದರೆ, ಎತ್ತಿನ ಗಾಡಿಯೂ ಹಾರ್ನ್ ಹೊಡೆದು ಅವನನ್ನು ಹಿಂದೆ ಹಾಕಬಹುದಿತ್ತು. ಈ ಸಂಗತಿ ಗೊತ್ತಿದ್ದದ್ದು ರೂಫಸ್‌ನಿಗೆ ಮಾತ್ರ. ಯಾರಿಗೂ ಹೇಳುವ ಹಾಗಿರಲಿಲ್ಲ. ಯಾಕೆಂದರೆ ರೂಫಸ್ ಊರಿನ ವೇಗ ಕಾವಲುಪಡೆಯಲ್ಲಿದ್ದ. ಹಳದಿ ಜಾಕೆಟ್ ಹಾಕಿಕೊಂಡು, ಬೇಲಿ ಪಕ್ಕ ನಿಂತು, ವೇಗ ಅಳೆಯುವ ಸ್ಪೀಡ್ ಗನ್ ಹಿಡಿದು, ಮಿತಿ ಮೀರಿ ಓಡುವ ಕಾರುಗಳ ನಂಬರನ್ನು ಪೊಲೀಸರಿಗೆ ಕಳಿಸುವ ನಿವೃತ್ತರ ಗುಂಪು ಅದು. ಅದರಲ್ಲಿ ನಿವೃತ್ತನಲ್ಲದವನು ಅವನೊಬ್ಬನೇ.

ವಿಮೆಯವರಿಗೆ ಪಾಠದ ವಿಷಯ ಹೇಳಿದರೆ ಕಂತು ಏರಿಸಬಹುದು, ಇಲ್ಲವೇ ಆಗಲ್ಲ ಎಂದುಬಿಡಬಹುದು. ಹೇಳದಿದ್ದರೆ ಮುಂದೆಂದೋ ಸಿಕ್ಕಿಬೀಳಬಹುದು. ವಿಮೆ ಇಲ್ಲದೆ ಕಾರು ರಸ್ತೆಗಿಳಿಯುವಂತಿಲ್ಲ. ಸೋಮವಾರದಿಂದ ಅವಳು ಪಟ್ಟಣದ ಶಾಲೆಗೆ ಕೆಲಸಕ್ಕೆ ಹೋಗಬೇಕು. ಆಸ್ಕರ್ಬಿಗೆ ಬಸ್ಸು ಬರುವುದು ವಾರಕ್ಕೊಮ್ಮೆ, ಅದೂ ಡ್ರೈವರನ ಮಂಡಿ ನೋಯದಿದ್ದರೆ. ಕಾರಿಲ್ಲವೆಂದರೆ ಅವಳು, ಜೆರೇನಿಯಂ ಗಿಡ, ಮತ್ತು ಪೈಗಳು.

ಅಷ್ಟರಲ್ಲಿ ಬಾಗಿಲಿಗೆ ನಿಜವಾಗಿಯೂ ಯಾರೋ ಬಂದರು. ಪಕ್ಕದ ಮನೆಯ ಮಾರೀನ್. ಕೈಯಲ್ಲಿ ಪೈ.

"ಮುಖ ಯಾಕೆ ಹಾಗಿದೆ? ಅಂದ್ರೆ... ಅದು ಬಿಟ್ಟು ಬೇರೆ ಏನಾಯ್ತು?"

ಬ್ರಯನಿಗೆ ಸುಳ್ಳು ಹುಡುಕುವಷ್ಟು ಶಕ್ತಿ ಇರಲಿಲ್ಲ. ಹೇಳಿಬಿಟ್ಟಳು.

"ಬಾಯಿ ಬಿಡ್ಬೇಡ ಕಣೇ!" ಮಾರೀನ್ ಪೈಯನ್ನು ಮೇಜಿಗೆ ಕುಕ್ಕಿದಳು. "ಇನ್ಶೂರೆನ್ಸ್‌ನೋರೇನು ಪಾದ್ರಿಗಳಾ, ಪಾಪ ಒಪ್ಕೊಳ್ಳೋಕೆ? ಇರು, ಊರಿನ ಹಾಲ್‌ನಲ್ಲಿ ಇವತ್ತು ಎಲ್ಲರೂ ಕಾಫಿಗೆ ಸೇರಿರ್ತಾರೆ. ನಾಲ್ಕು ಜನರನ್ನ ಕೇಳೋಣ. ನಿನ್ನ ಹೆಸರು ಎತ್ತಲ್ಲ, ನನ್ನಾಣೆ."

ಊರಿನ ಹಾಲ್‌ನಲ್ಲಿ ಮಾರೀನ್ ಆಣೆಗೆ ತಪ್ಪಲಿಲ್ಲ. ಚಮಚದಿಂದ ಕಪ್ ಬಡಿದು ಎಲ್ಲರನ್ನೂ ಸುಮ್ಮನಾಗಿಸಿ ಹೇಳಿದಳು: "ನನಗೆ ಗೊತ್ತಿರೋ ಒಬ್ಬ ಹೆಂಗಸು. ಹೆಸರು ಬೇಡ. ಪಾಪ, ನಿನ್ನೆ ತಾನೇ ಗಂಡನ್ನ ಮಣ್ಣು ಮಾಡಿದ್ದಾಳೆ. ಅವಳು ವೇಗದ ಪಾಠಕ್ಕೆ ಹೋಗಿದ್ದು ಇನ್ಶೂರೆನ್ಸ್‌ಗೆ ಹೇಳ್ಬೇಕಾ, ಬೇಡ್ವಾ?"

ಇಡೀ ಹಾಲ್ ಬ್ರಯನಿಯತ್ತ ತಿರುಗಿತು. ಆಮೇಲೆ, ಸಭ್ಯ ಜನರಾದ್ದರಿಂದ, ಇಡೀ ಹಾಲ್ ಸೀಲಿಂಗ್ ನೋಡಿತು.

"ಆ ಹೆಂಗಸು ಹೇಳೋದೇ ಒಳ್ಳೇದು," ಎಂದ ಕುರಿ ಸಾಕುವವನು, ಸೀಲಿಂಗಿಗೆ. "ನನ್ನ ಷಡ್ಡಕ ಹೇಳ್ಲಿಲ್ಲ. ಆಮೇಲೆ ಹಸುಗೆ ಗುದ್ದಿದ. ಅವರು ಒಂದು ಕಾಸೂ ಕೊಡ್ಲಿಲ್ಲ. ಹಸೂನೂ ಅವನನ್ನ ಕ್ಷಮಿಸ್ಲಿಲ್ಲ."

"ಹೇಳಿ ಕೆಟ್ಟಳು ನನ್ನ ಮಗಳು," ಎಂದಳು ಅಂಚೆ ಕಚೇರಿಯಾಕೆ. "ಈಗ ಸೈಕಲ್ ತುಳೀತಾಳೆ. ತೊಡೆ ನೋಡ್ಬೇಕು, ಕಂಬ!"

"ಸೈಕಲ್ ಆರೋಗ್ಯಕ್ಕೆ ಒಳ್ಳೇದಲ್ವಾ?"

"ನೀನು ತುಳಿ ಹಾಗಾದ್ರೆ!"

ಕಾಫಿ ಮುಗಿಯುವ ಹೊತ್ತಿಗೆ ಹಾಲ್ ಎರಡು ಪಕ್ಷವಾಗಿ, ಸ್ಕೋನ್ ಬನ್ನುಗಳ ತಟ್ಟೆ ಗಡಿಯಾಗಿತ್ತು. ಆಗ ಮೂಲೆಯಿಂದ ಡೆಸ್ಮಂಡ್ ಎದ್ದ. ಕಾವಲುಪಡೆಯ ಯಜಮಾನ. ಹಳದಿ ಜಾಕೆಟ್ಟನ್ನು ಅವನು ಶವಸಂಸ್ಕಾರಕ್ಕೂ ಹಾಕಿಕೊಂಡು ಬಂದಿದ್ದ. ಕಾರು ನಿಲ್ಲಿಸುವವರಿಗೆ ದಾರಿ ತೋರಿಸಲು ಎಂಬುದು ನೆಪ.

"ಹೇಳ್ಬೇಕು," ಎಂದ. "ನಿಯಮ ಅಂದ್ರೆ ನಿಯಮ." ಆಮೇಲೆ ಬ್ರಯನಿಯ ಹತ್ತಿರ ಬಂದು ದನಿ ತಗ್ಗಿಸಿದ. "ಇವತ್ತು ಕೇಳಬಾರದು. ಆದ್ರೂ, ನಮ್ಮ ಸ್ಪೀಡ್ ಗನ್ ರೂಫಸ್ ಹತ್ರಾನೇ ಇದೆ. ವಸಂತದಲ್ಲಿ ರಿಪೇರಿಗೆ ಅಂತ ತಗೊಂಡು ಹೋಗಿದ್ದ. ಕಣ್ಣಿಗೆ ಬಿದ್ರೆ ನೋಡಮ್ಮ." ಇದನ್ನು ಹೇಳುವಾಗ ಅವನು ತನ್ನ ಕಾಫಿ ಕಪ್ಪನ್ನೇ ನೋಡುತ್ತಿದ್ದ.

ಗುಟ್ಟು ಊರಿಗೆಲ್ಲ ಗೊತ್ತಾದ ಮೇಲೆ ವಿಮೆಯವರಿಂದ ಮಾತ್ರ ಮುಚ್ಚಿಡುವುದು ಬ್ರಯನಿಗೆ ಅಸಹ್ಯವೆನಿಸಿತು. ಮನೆಗೆ ಬಂದು, ನಿಂತೇ ಫೋನು ಮಾಡಿದಳು. ಅದೇ ಹುಡುಗಿ.

"ನಾನು ವೇಗದ ಪಾಠಕ್ಕೆ ಹೋಗಿದ್ದೆ. ತಪ್ಪಾಯ್ತು. ಏನು ಮಾಡ್ತೀರೋ ಮಾಡಿ."

"ಪಾಯಿಂಟ್ ಬಿತ್ತಾ ಮೇಡಂ?"

"ಇಲ್ಲ."

"ಕೋರ್ಟು, ದಂಡ?"

"ಇಲ್ಲ."

"ಹಾಗಾದ್ರೆ ಬಿಡಿ. ಕೆಲವು ಕಂಪನಿಯೋರು ಪಾಠದ ವಿಷಯಾನೂ ಕೇಳ್ತಾರೆ. ನಾವು ಕೇಳಲ್ಲ." ದನಿ ಸ್ವಲ್ಪ ಮೆತ್ತಗಾಯಿತು. "ನಾನೂ ಹೋಗಿದ್ದೆ. ಆ ಮನುಷ್ಯ ಎಷ್ಟು ನಿಧಾನಕ್ಕೆ ಮಾತಾಡ್ತಾನಲ್ವಾ? ಈ ಕ್ಷಣದಿಂದ ನಿಮಗೆ ವಿಮೆ ಇದೆ."

ಬ್ರಯನಿ ಕುರ್ಚಿ ಎಳೆದುಕೊಂಡು ಕೂತಳು. ಫ್ರಿಜ್ ತೆಗೆದು, ಕೈಗೆ ಸಿಕ್ಕ ಪೈ ತಿಂದಳು. ಎಷ್ಟೋ ದಿನಗಳ ಮೇಲೆ ಉಪ್ಪು ನಾಲಿಗೆಗೆ ಗೊತ್ತಾಯಿತು.

ಆಮೇಲೆ ಹಿತ್ತಲಿನ ಶೆಡ್ಡಿಗೆ ಹೋದಳು. ಸ್ಪೀಡ್ ಗನ್ ರೂಫಸ್‌ನ ಎಡಗಾಲಿನ ಕೆಸರಿನ ರಬ್ಬರ್ ಬೂಟಿನೊಳಗೆ ಇತ್ತು, ಮೇಲೆ ಒಂದು ಕಾಲುಚೀಲ ತುರುಕಿ. ರಿಪೇರಿಗೆ ಬಂದ ವಸ್ತುವನ್ನು ಯಾರೂ ಹಾಗೆ ಇಡುವುದಿಲ್ಲ. ಅವಳು ಗುಂಡಿ ಒತ್ತಿದಳು. ದೀಪ ಹೊತ್ತಿತು. ಬೇಲಿ ದಾಟುತ್ತಿದ್ದ ಮಾರೀನಳ ಬೆಕ್ಕಿಗೆ ಗುರಿಯಿಟ್ಟಳು. ಗಂಟೆಗೆ ನಾಲ್ಕು ಮೈಲಿ ಎಂದು ತೋರಿಸಿತು. ಬೆಕ್ಕಿಗೆ ಅದು ಸರಿಯಾದ ವೇಗವೇ.

ಗನ್ ಕೆಟ್ಟಿರಲೇ ಇಲ್ಲ. ಪಡೆಯವರು ಅವಳ ನಂಬರನ್ನು ಪದೇ ಪದೇ ಕಳಿಸಿದ್ದರೆ ಪೊಲೀಸರೇ ಬಂದು ಹಿಡಿಯುತ್ತಿದ್ದರು, ಆಗ ಪಾಠ ಸಿಗುತ್ತಿರಲಿಲ್ಲ, ಪಾಯಿಂಟೇ. ಆಕ್ಸಿಲರೇಟರ್ ಮೇಲೆ ಅವಳ ಕಾಲು ಹಗುರಾಗುವ ತನಕ ಊರಿನ ಕಣ್ಣನ್ನೇ ತಂದು ಬೂಟಿನಲ್ಲಿ ಮುಚ್ಚಿಟ್ಟಿದ್ದ, ಪುಣ್ಯಾತ್ಮ. ಅವಳಿಗೆ ನಗು ಬಂತು. ಶೆಡ್ಡಿನಲ್ಲಿ ಒಬ್ಬಳೇ ನಿಂತು, ಬೂಟನ್ನು ಎದೆಗವಚಿಕೊಂಡು, ಸಾಕಾಗುವಷ್ಟು ನಕ್ಕಳು.

ಇವತ್ತೇ ಕೊಟ್ಟುಬಿಡಬೇಕು ಎನಿಸಿತು. ಗನ್ನನ್ನು ಪಕ್ಕದ ಸೀಟಿನಲ್ಲಿ, ರೂಫಸ್ ಕೂರುತ್ತಿದ್ದಲ್ಲಿ ಇಟ್ಟು, ಸೀಟ್ ಬೆಲ್ಟ್ ಹಾಕಿದಳು. ತನ್ನ ಹೆಸರಿನ ವಿಮೆ, ಹೊಟ್ಟೆಯಲ್ಲಿ ಪೈ, ಆಲೂಗಡ್ಡೆ ಕಿತ್ತು ಬೋಳಾದ ಹೊಲಗಳ ಮೇಲೆ ಹದವಾದ ಬಿಸಿಲು. ಕಾರು ತಾನಾಗಿಯೇ ಓಡುವಂತಿತ್ತು.

ತಿರುವಿನ ಬೇಲಿಯಿಂದ ಹಳದಿ ಜಾಕೆಟ್ಟೊಂದು ಎದ್ದು ಕೈ ಅಡ್ಡ ಹಾಕಿತು.

"ಮೂವತ್ತೇಳು," ಎಂದ ಡೆಸ್ಮಂಡ್. ಮಿತಿ ಮೂವತ್ತು. ಅವನ ಕೈಯಲ್ಲಿ ಇನ್ನೊಂದು ಸ್ಪೀಡ್ ಗನ್ ಇತ್ತು. "ಪಕ್ಕದೂರಿನಿಂದ ಎರವಲು. ಈಗಷ್ಟೇ ತಂದೆ. ಸಿಕ್ಕಿದ ಮೊದಲ ಕಾರು ನಿನ್ನದೇ."

"ನಿಮ್ಮ ಗನ್ ವಾಪಸ್ ಕೊಡೋಕೇ ಬರ್ತಿದ್ದೆ!"

"ಅದಕ್ಕೆ ಇಷ್ಟು ಅವಸರಾನಾ?"

ಬ್ರಯನಿ ಕಾರಿನಿಂದಿಳಿದಳು. ವಿಮೆಯವರ ಮುಂದೆ ಸತ್ಯ ಹೇಳಿದ ಬಿಸಿ ಇನ್ನೂ ಆರಿರಲಿಲ್ಲ. "ಡೆಸ್ಮಂಡ್, ನಿಮಗೊಂದು ಹೇಳ್ಬೇಕು. ಇದು ಕೆಟ್ಟೇ ಇರ್ಲಿಲ್ಲ. ರೂಫಸ್ ನಿಮಗೆ ಸುಳ್ಳು ಹೇಳಿದ್ದ."

"ಹೇಳಿರ್ಲಿಲ್ಲ." ಡೆಸ್ಮಂಡ್ ಜೇಬಿನಲ್ಲಿ ಪೆನ್ನು ತಡಕಿದ. "'ನನ್ನ ಹೆಂಡ್ತಿ ಕಾಲು ಸ್ವಲ್ಪ ಭಾರ, ಆಲೂಗಡ್ಡೆ ಕೀಳೋವರೆಗೆ ಎರವಲು ಕೊಡು' ಅಂದ. ಕೊಟ್ಟೆ. ರಿಪೇರಿ ಅಂತ ಊರಿಗೆ ಸುಳ್ಳು ಹೇಳಿದೋನು ನಾನು. ಆಲೂಗಡ್ಡೆ ಕಿತ್ತಾಯ್ತಲ್ಲ." ಅವನು ಮೂಗು ಒರೆಸಿಕೊಂಡು ಅವಳ ಕಾರಿನ ನಂಬರು ಬರೆಯತೊಡಗಿದ. "ನಿಯಮ ಅಂದ್ರೆ ನಿಯಮ. ಹೆದರಬೇಡ, ಮೊದಲ ಸಲಕ್ಕೆ ಪೊಲೀಸರಿಂದ ಒಂದು ಎಚ್ಚರಿಕೆ ಪತ್ರ ಬರುತ್ತೆ, ಅಷ್ಟೇ."

"ಇದನ್ನ ಇನ್ಶೂರೆನ್ಸ್‌ನೋರಿಗೆ ಹೇಳ್ಬೇಕಾ?"

"ಹೇಳ್ಬೇಕು," ಎಂದ ಡೆಸ್ಮಂಡ್.

"ಬಾಯಿ ಬಿಡ್ಬೇಡ ಕಣೇ!" ಎಂದು ಬೇಲಿಯ ಆಚೆಯಿಂದ, ಬೆಕ್ಕು ಹುಡುಕಿಕೊಂಡು ಬಂದಿದ್ದ ಮಾರೀನ್ ಕೂಗಿದಳು.

ಬ್ರಯನಿ ಸೀಟ್ ಬೆಲ್ಟ್ ಬಿಚ್ಚಿ, ಗನ್ನನ್ನು ಎತ್ತಿ, ಎರಡೂ ಕೈಯಿಂದ ಡೆಸ್ಮಂಡನಿಗೆ ಕೊಟ್ಟಳು. ಅವನು ಗುಂಡಿ ಒತ್ತಿ, ಪರೀಕ್ಷಿಸಲು ಬೇರೇನೂ ಕಾಣದೆ, ರಸ್ತೆಯ ಮಧ್ಯೆ ಸುಮ್ಮನೆ ನಿಂತಿದ್ದ ಅವಳಿಗೇ ಗುರಿಯಿಟ್ಟ.

"ಸೊನ್ನೆ," ಎಂದ. "ಗನ್ ಸರಿಯಾಗಿದೆ. ನಿನ್ನ ಜೀವನದಲ್ಲೇ ಮೊದಲ ಸಲ, ಮಿತಿಯೊಳಗಿದ್ದೀಯ."